ಪದ ಪರಿಚಯ: ‘ಸ್ವಾವಲಂಬಿ’ ಹಿರಿಯರು ಎಂದರೆ ಯಾರು?

ಹಿರಿಯರ ವಸತಿ ಸಂಕೀರ್ಣವೊಂದರ ಜಾಹೀರಾತಿನಲ್ಲಿ ‘ಸ್ವಾವಲಂಬಿ ಹಿರಿಯರಿಗೆ ಮಾತ್ರ ಪ್ರವೇಶ’ ಎಂಬ ಸಾಲನ್ನು ಓದಿದಾಗ ಸುಮ್ಮನಿದ್ದೆ. ‘ಯಾರ ನೆರವೂ ಇಲ್ಲದೆ ಸ್ವಾವಲಂಬಿಗಳಾಗಿ ಬಾಳುತ್ತಿರುವ ಹಿರಿಯ ಚೇತನಗಳಿಗೆ ಸನ್ಮಾನ’ ಎಂಬ ಕರಪತ್ರ ಕೈಗೆ ಬಂದಾಗಲೂ ಸುಮ್ಮನಿದ್ದೆ. ಆದರೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು, ಕೂಗಿದರೂ ಯಾರಿಗೂ ಕೇಳಿಸದೆ ಒಂದು ರಾತ್ರಿಯನ್ನು ನೆಲದ ಮೇಲೆಯೇ ಕಳೆದಿದ್ದ ಹಿರಿಯರೊಬ್ಬರನ್ನು ಅವರ ಶ್ರದ್ಧಾಂಜಲಿ ಸಭೆಯಲ್ಲಿ ‘ಕೊನೆಯ ತನಕ ಸ್ವಾವಲಂಬಿ’ ಎಂದು ಹೊಗಳಿದ ಮೇಲೆ, ಈ ಪದದ ಬಗ್ಗೆ ಬರೆಯದೆ ಇರಲಾಗಲಿಲ್ಲ. ಅವರಿಗೆ ಸ್ವಾವಲಂಬನೆಗಿಂತ ಹೆಚ್ಚಾಗಿ ಬಚ್ಚಲ ಗೋಡೆಗೆ ಒಂದು ಹಿಡಿಕಂಬಿ ಬೇಕಾಗಿತ್ತು.

‘ಅವಲಂಬನ’ದ ಮೂಲದಲ್ಲಿರುವುದು ‘ಲಂಬ್’ ಎಂಬ ಸಂಸ್ಕೃತ ಧಾತು. ಅದರ ಅರ್ಥ ತೂಗುವುದು, ಜೋಲುವುದು. ಜೋಲುವ ಹೊಟ್ಟೆಯವನು ಲಂಬೋದರ. ಕೆಲಸವನ್ನು ತೂಗುಹಾಕಿದರೆ ವಿಳಂಬ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವನು ಇಳಿಬಿಡುವ ತೂಕದ ದಾರ ನಿಲ್ಲುವ ದಿಕ್ಕು ಲಂಬ. ಬಳ್ಳಿ ಚಪ್ಪರವನ್ನು ಹಿಡಿದು ತೂಗುವಂತೆ ಒಂದನ್ನು ಆತುಕೊಂಡು ನಿಲ್ಲುವುದೇ ಅವಲಂಬನ. ಹೀಗಾಗಿ ‘ಸ್ವಾವಲಂಬನ’ವನ್ನು ಅಕ್ಷರಶಃ ಬಿಡಿಸಿದರೆ ತನ್ನನ್ನೇ ತಾನು ಹಿಡಿದುಕೊಂಡು ತೂಗುವುದು, ಅಂದರೆ ತನ್ನ ಜುಟ್ಟನ್ನು ತಾನೇ ಹಿಡಿದು ನೇತಾಡುವುದು ಎಂದಾಗುತ್ತದೆ. ಪದಗಳನ್ನು ಹೀಗೆ ಅಕ್ಷರಶಃ ಬಿಡಿಸುವುದು ಎಲ್ಲ ಸಂದರ್ಭಗಳಲ್ಲೂ ನ್ಯಾಯವಲ್ಲ, ನಿಜ. ಖಾದಿಯ ಕಾಲದಲ್ಲಿ ಹಳ್ಳಿಯ ಬಗ್ಗೆ, ಈಗ ಸ್ವಸಹಾಯ ಸಂಘಗಳ ಉಳಿತಾಯದ ಬಗ್ಗೆ ಈ ಪದವನ್ನು ಬಳಸಿದಾಗ ಅದು ಸಲೀಸಾಗಿ ಕೂರುತ್ತದೆ. ಏಕೆಂದರೆ ಹಳ್ಳಿಯೂ ಸಂಘವೂ ಹಲವರು ಸೇರಿ ಆದವು, ಅಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳಲು ಕೈಗಳಿರುತ್ತವೆ. ಎಂಬತ್ತೆರಡು ವರ್ಷದ ಒಂಟಿ ಮೊಣಕಾಲಿಗೆ ಅದೇ ಪದವನ್ನು ತೊಡಿಸಿದಾಗ ಮಾತ್ರ ಜುಟ್ಟಿನ ಚಿತ್ರವೇ ಎದುರಿಗೆ ಬರುತ್ತದೆ.

ಹಿರಿಯರು ತಮ್ಮ ಮನೆಯಲ್ಲೇ ತಮ್ಮ ಇಚ್ಛೆಯಂತೆ ಬದುಕುವುದನ್ನು ಹೇಳಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದವೊಂದಿದೆ. ಅದು ‘ಸ್ವತಂತ್ರ’. ರಾಜಕೀಯ ಭಾಷಣಗಳಲ್ಲಿ ಸವೆದುಹೋಗಿರುವ ಈ ಪದಕ್ಕೆ ವ್ಯಾಕರಣಶಾಸ್ತ್ರದಲ್ಲಿ ಬಹಳ ಖಚಿತವಾದ ಅರ್ಥವಿದೆ. ಕರ್ತೃ ಯಾರು ಎಂಬುದಕ್ಕೆ ಪಾಣಿನಿ ಕೊಡುವ ಲಕ್ಷಣ ಎರಡೇ ಪದಗಳದ್ದು: ‘ಸ್ವತಂತ್ರಃ ಕರ್ತಾ’. ಈ ಸೂತ್ರವನ್ನು ವಿವರಿಸುವಾಗ ಪತಂಜಲಿ ಮಹಾಭಾಷ್ಯದಲ್ಲಿ ಒಂದು ಸೊಗಸಾದ ತಕರಾರನ್ನು ಎತ್ತುತ್ತಾನೆ. ತಂತ್ರ ಎಂದರೆ ಮಗ್ಗದ ಮೇಲೆ ಹರಡಿದ ನೂಲು. ಹಾಗಾದರೆ ಸ್ವಂತ ತಂತ್ರವುಳ್ಳವನೇ ಸ್ವತಂತ್ರ ಎನ್ನುವುದಾದರೆ ನೇಕಾರನೊಬ್ಬನೇ ಕರ್ತೃವಾಗಬೇಕಾಗುತ್ತದಲ್ಲ? ಇದಕ್ಕೆ ಅವನೇ ಉತ್ತರ ಹೇಳುತ್ತಾನೆ: ಹರಡಿದ ನೂಲು ಎಂಬುದು ತಂತ್ರ ಶಬ್ದದ ಒಂದು ಅರ್ಥ, ಪ್ರಾಧಾನ್ಯ ಎಂಬುದು ಇನ್ನೊಂದು, ಇಲ್ಲಿ ಕೊಳ್ಳಬೇಕಾದ್ದು ಎರಡನೆಯದು. ಆ ಕ್ರಿಯೆಯಲ್ಲಿ ಯಾರು ಪ್ರಧಾನರೋ ಅವರು ಸ್ವತಂತ್ರರು.

ಈ ಲಕ್ಷಣದಲ್ಲಿ ‘ಯಾರ ನೆರವೂ ಇಲ್ಲದೆ’ ಎಂಬ ಮಾತು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅನ್ನ ಬೇಯಿಸುವವನಿಗೆ ಸೌದೆ ಬೇಕು, ಪಾತ್ರೆ ಬೇಕು, ನೀರು ಬೇಕು; ಇಷ್ಟೆಲ್ಲವನ್ನೂ ಆತುಕೊಂಡಿದ್ದರೂ ಅವನು ಕರ್ತೃವೇ, ಏಕೆಂದರೆ ಅವೆಲ್ಲವನ್ನೂ ಕೆಲಸಕ್ಕೆ ಹಚ್ಚುವವನು ಅವನು. ಪಾಣಿನಿಯ ಮುಂದಿನ ಸೂತ್ರ ಇನ್ನೂ ಉದಾರವಾದದ್ದು: ಕರ್ತೃವನ್ನು ಪ್ರೇರೇಪಿಸುವವನಿಗೂ, ಅಂದರೆ ಮಾಡಿಸುವವನಿಗೂ, ಕರ್ತೃ ಎಂಬ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ಇದನ್ನು ಕಾಣಲು ಸಂಸ್ಕೃತದ ಹಂಗೂ ಬೇಕಿಲ್ಲ. ‘ಮಾಡು’ ಎಂಬುದಕ್ಕೆ ‘ಇಸು’ ಸೇರಿ ‘ಮಾಡಿಸು’ ಆಗುತ್ತದೆ, ಅದಕ್ಕೆ ‘ಕೊಳ್ಳು’ ಸೇರಿ ‘ಮಾಡಿಸಿಕೊಳ್ಳು’ ಆಗುತ್ತದೆ. ‘ಅಜ್ಜಿ ಸ್ನಾನ ಮಾಡಿಸಿಕೊಂಡರು’ ಎಂಬ ವಾಕ್ಯದಲ್ಲಿ ಕರ್ತೃಪದ ಅಜ್ಜಿಯೇ. ‘ಅಜ್ಜಿಗೆ ಸ್ನಾನ ಮಾಡಿಸಲಾಯಿತು’ ಎಂದಾಗ ಅಜ್ಜಿ ಕರ್ತೃಸ್ಥಾನದಿಂದ ಇಳಿದಿರುತ್ತಾರೆ. ಎರಡರಲ್ಲೂ ನೀರು ಹೊಯ್ದ ಕೈ ಒಂದೇ ಇರಬಹುದು, ಬಿಸಿನೀರಿನ ಹದವೂ ಒಂದೇ ಇರಬಹುದು. ಹೊತ್ತು ಯಾವುದು, ತಲೆಗೆ ಎಣ್ಣೆ ಹಚ್ಚಬೇಕೇ ಬೇಡವೇ, ಇವತ್ತು ಮೈ ಒರೆಸಿಕೊಂಡರೆ ಸಾಕೇ ಎಂದು ಹೇಳಿದವರು ಯಾರು ಎಂಬುದಷ್ಟೇ ವ್ಯತ್ಯಾಸ.

ಹಾಗಿದ್ದರೂ ‘ನೆರವಿಲ್ಲದಿರುವಿಕೆ’ ಎಂಬ ಅರ್ಥ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಅದು ಆಸ್ಪತ್ರೆಯ ನಮೂನೆಯಿಂದ ಇಳಿದು ಬಂದದ್ದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಮಾಪಕವೊಂದು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹತೋಟಿ, ಊಟ ಎಂಬ ಆರು ಕೆಲಸಗಳನ್ನು ಎಣಿಸುತ್ತದೆ. ಮೇಲ್ವಿಚಾರಣೆ, ಸೂಚನೆ ಅಥವಾ ಇನ್ನೊಬ್ಬರ ಕೈನೆರವು ಇಲ್ಲದೆ ಮಾಡಿದರೆ ಮಾತ್ರ ಅದರ ಲೆಕ್ಕದಲ್ಲಿ ಆ ಕೆಲಸದ ಮಟ್ಟಿಗೆ ನೀವು ಸ್ವತಂತ್ರರು. ಚಿಕಿತ್ಸೆಯ ಮುನ್ನಡೆಯನ್ನು ಅಳೆಯಲು ಅದು ಉಪಯುಕ್ತವಾದ ಅಳತೆಗೋಲು. ಅಳತೆಗೋಲನ್ನೇ ಬದುಕಿನ ಗುರಿಯೆಂದು ತಿಳಿದದ್ದು ನಂತರದವರ ತಪ್ಪು. ಆ ತಪ್ಪನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಹಿರಿಯರಲ್ಲ, ಅಂಗವಿಕಲ ವಿದ್ಯಾರ್ಥಿಗಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ, ಉಸಿರಾಟಕ್ಕೂ ಯಂತ್ರವನ್ನು ನೆಚ್ಚಿದ್ದ ಎಡ್ ರಾಬರ್ಟ್ಸ್ ಮತ್ತು ಗೆಳೆಯರು 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ತೆರೆದರು. ಎಷ್ಟು ಕೆಲಸವನ್ನು ಒಬ್ಬರೇ ಮಾಡುತ್ತೀರಿ ಎಂಬುದಕ್ಕಿಂತ ನೆರವಿನೊಡನೆ ಎಂಥ ಬದುಕನ್ನು ನಿಮ್ಮ ಹತೋಟಿಯಲ್ಲಿ ಇಟ್ಟುಕೊಂಡಿದ್ದೀರಿ ಎಂಬುದೇ ಅವರ ಪ್ರಕಾರ ಸ್ವಾತಂತ್ರ್ಯದ ಅಳತೆ. ಪಾಣಿನಿ ಒಪ್ಪುತ್ತಿದ್ದ.

ಇದೇ ಗೊಂದಲ ಜಪಾನಿನಲ್ಲೂ ಇದೆ, ಅಲ್ಲಿ ಅದಕ್ಕೆ ಒಂದೇ ಉಚ್ಚಾರಣೆಯ ಎರಡು ಪದಗಳ ಬೆಂಬಲವಿದೆ. ‘ಜಿರಿತ್ಸು’ ಎಂಬುದನ್ನು ಒಂದು ರೀತಿಯಲ್ಲಿ ಬರೆದರೆ ತಾನೇ ನಿಲ್ಲುವುದು, ಇನ್ನೊಂದು ರೀತಿಯಲ್ಲಿ ಬರೆದರೆ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುವುದು. ಕಿವಿಗೆ ಎರಡೂ ಒಂದೇ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಲ್ಲಿನ ದೀರ್ಘಕಾಲೀನ ಆರೈಕೆ ವಿಮೆಯ ಕಾನೂನು ತನ್ನ ಮೊದಲ ಕಲಮಿನಲ್ಲಿ ಬಳಸಿರುವುದು ನಿಲ್ಲುವ ಜಿರಿತ್ಸುವನ್ನು, ಆದರೆ ಅದಕ್ಕೆ ‘ಅವರವರ ಶಕ್ತಿಗೆ ತಕ್ಕಂತೆ’ ಎಂಬ ಜಾಣ ಷರತ್ತನ್ನೂ ಸೇರಿಸಿದೆ.

ಈ ಕಾನೂನಿಗಿಂತಲೂ ಹಳೆಯದಾದ ಮಿತ್ಸುಗಿಯ ಕತೆಯನ್ನು ಇಲ್ಲಿ ಹೇಳಲೇಬೇಕು. ಹಿರೋಶಿಮಾ ಪ್ರಾಂತ್ಯದ ಆ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಯಾಮಾಗುಚಿ ನೊಬೊರು ಎಂಬ ಶಸ್ತ್ರವೈದ್ಯರಿದ್ದರು. ಪಾರ್ಶ್ವವಾಯು ಬಡಿದವರನ್ನು ಬದುಕಿಸಿ, ನಡೆಸಿ, ಮನೆಗೆ ಕಳಿಸಿದರೆ, ಒಂದೆರಡು ವರ್ಷಗಳಲ್ಲಿ ಅವರೇ ಹಾಸಿಗೆ ಹಿಡಿದು, ಬೆನ್ನುಹುಣ್ಣಾಗಿ ಮರಳಿ ಬರುತ್ತಿದ್ದುದನ್ನು ಅವರು 1970ರ ದಶಕದಲ್ಲಿ ಕಂಡರು. ತಪ್ಪು ಶಸ್ತ್ರಚಿಕಿತ್ಸೆಯದಾಗಿರಲಿಲ್ಲ, ಮನೆಯಲ್ಲಿ ಎತ್ತಿ ಕೂರಿಸುವ ಕೈ ಇರಲಿಲ್ಲ. ಅವರು ಶುಶ್ರೂಷಕಿಯರನ್ನೂ ಅಂಗಸಾಧನೆ ಮಾಡಿಸುವವರನ್ನೂ ಮನೆಗಳಿಗೇ ಕಳಿಸತೊಡಗಿದರು. ಆಮೇಲೂ ಒಂದು ತೊಡಕು ಉಳಿಯಿತು: ಚಿಕಿತ್ಸೆ ಆಸ್ಪತ್ರೆಯ ಕೆಲಸ, ಆರೋಗ್ಯ ಭೇಟಿ ಪಟ್ಟಣದ ಒಂದು ವಿಭಾಗದ ಕೆಲಸ, ಮನೆಗೆಲಸದ ನೆರವು ಇನ್ನೊಂದು ವಿಭಾಗದ ಕೆಲಸ. 1984ರಲ್ಲಿ ಪಟ್ಟಣದ ಆರೋಗ್ಯ ಮತ್ತು ಕಲ್ಯಾಣ ವಿಭಾಗಗಳನ್ನು ಆಸ್ಪತ್ರೆಯ ಆವರಣಕ್ಕೇ ತಂದು ಒಂದೇ ಸೂರಿನಡಿ ಕೂರಿಸಲಾಯಿತು. ಇಡೀ ಜಪಾನ್ ಈಗ ‘ಪ್ರಾದೇಶಿಕ ಸಮಗ್ರ ಆರೈಕೆ’ ಎಂದು ಕರೆಯುವ ವ್ಯವಸ್ಥೆಯ ಬೇರು ಅಲ್ಲಿದೆ. 2006ರಿಂದ ಆರಂಭವಾದ ಪ್ರಾದೇಶಿಕ ಕೇಂದ್ರಗಳಲ್ಲಿ ಒಬ್ಬ ಸಾರ್ವಜನಿಕ ಆರೋಗ್ಯ ಶುಶ್ರೂಷಕಿ, ಒಬ್ಬ ಸಮಾಜ ಕಾರ್ಯಕರ್ತ, ಒಬ್ಬ ಅನುಭವಿ ಆರೈಕೆ ಯೋಜಕ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ; ಹಿರಿಯರ ಮನೆಯಿಂದ ಸುಮಾರು 30 ನಿಮಿಷದೊಳಗೆ ಎಲ್ಲ ಸೇವೆಯೂ ಸಿಗಬೇಕು ಎಂಬುದು ಯೋಜನೆಯ ಅಳತೆ.

ಇದನ್ನು ಕನ್ನಡದಲ್ಲಿ ವರದಿ ಮಾಡುವವರು ‘ಸಮನ್ವಯ’ ಎಂದು ಬರೆದು, ಅದರ ಅರ್ಥ ‘ಆಗಾಗ ಸಭೆ ಸೇರುವುದು’ ಎಂದು ಭಾವಿಸಿದಂತೆ ಮುಂದೆ ಸಾಗುತ್ತಾರೆ. ಈ ಪದದ ಒಳಗಿರುವ ‘ಅನ್ವಯ’ವನ್ನು ಹಳಗನ್ನಡ ಪದ್ಯ ಓದಿದವರೆಲ್ಲ ಬಲ್ಲರು. ಪದ್ಯದಲ್ಲಿ ಪದಗಳೆಲ್ಲ ಇರುತ್ತವೆ, ಆದರೆ ಕರ್ತೃ ಒಂದು ಸಾಲಿನಲ್ಲಿ, ಕ್ರಿಯಾಪದ ನಾಲ್ಕು ಸಾಲು ಆಚೆ. ಅವನ್ನು ಹುಡುಕಿ ಜೋಡಿಸಿದ ಮೇಲೆಯೇ ಅರ್ಥ. ನಮ್ಮಲ್ಲಿಯೂ ಪದಗಳಿಗೆ ಕೊರತೆ ಇಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ಪೋಷಕರ ಪಾಲನೆಗೆ 2007ರ ಕಾಯ್ದೆ ಇದೆ, ದೇಶವ್ಯಾಪಿ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಿಗೆ 1090 ಇದೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಿದ್ದಾರೆ. ಪಿಂಚಣಿ ಕಂದಾಯ ಇಲಾಖೆಯ ಕಡತದಲ್ಲಿ, ರಕ್ತದೊತ್ತಡ ಆರೋಗ್ಯ ಇಲಾಖೆಯ ಪುಸ್ತಕದಲ್ಲಿ, ಬಿದ್ದ ಸುದ್ದಿ ಪಕ್ಕದ ಮನೆಯವರ ಬಾಯಲ್ಲಿ. ಅನ್ವಯ ಮಾಡುವ ಕೆಲಸವನ್ನು ಸಾಮಾನ್ಯವಾಗಿ ಬೇರೆ ಊರಿನಲ್ಲಿರುವ ಮಗಳೊಬ್ಬಳು ದೂರವಾಣಿಯಲ್ಲಿ ಮಾಡುತ್ತಾಳೆ. ಕೇರಳ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ: 2008ರ ಉಪಶಮನ ಆರೈಕೆ (ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸುವ ಆರೈಕೆ) ನೀತಿಯ ನಂತರ ಅಲ್ಲಿ ಪಂಚಾಯಿತಿಗಳೇ ಮನೆ ಭೇಟಿಯ ಶುಶ್ರೂಷಕಿಯರನ್ನು ನೇಮಿಸಿಕೊಂಡು, ಊರಿನ ಸ್ವಯಂಸೇವಕರನ್ನು ಅವರ ಜೊತೆಗೆ ಕಳಿಸುತ್ತವೆ. ಗಾಯಕ್ಕೆ ಪಟ್ಟಿ ಕಟ್ಟಲು ಹೋದವರಿಗೆ ಮನೆಯಲ್ಲಿ ಅಕ್ಕಿ ಇಲ್ಲವೆಂಬುದೂ ಕಾಣುತ್ತದೆ, ಅದನ್ನು ಹೇಳಲು ಪಂಚಾಯಿತಿಯ ಬಾಗಿಲೂ ಹತ್ತಿರದಲ್ಲಿರುತ್ತದೆ.

ಆದ್ದರಿಂದ ನಮೂನೆಗಳನ್ನು ಕನ್ನಡಿಸುವವರಲ್ಲಿ ಒಂದು ಕೋರಿಕೆ. ‘ಸ್ವಾವಲಂಬಿಯೇ? ಹೌದು/ಇಲ್ಲ’ ಎಂಬ ಚೌಕವನ್ನು ತೆಗೆದುಹಾಕಿ. ಅದರ ಜಾಗದಲ್ಲಿ ‘ಸ್ನಾನಕ್ಕೆ ಯಾರ ನೆರವು ಬೇಕು?’ ಎಂಬುದು ಒಂದು ಸಾಲು, ‘ಯಾವ ಹೊತ್ತಿಗೆ ಬೇಕು ಎನ್ನುತ್ತಾರೆ?’ ಎಂಬುದು ಇನ್ನೊಂದು ಸಾಲು ಇರಲಿ. ಎರಡನೆಯ ಸಾಲನ್ನು ತುಂಬುವ ಮುನ್ನ ಆ ಹಿರಿಯರನ್ನೇ ಕೇಳಬೇಕಾಗುತ್ತದೆ. ಪಕ್ಕದಲ್ಲಿ ಕೂತ ಮಗ ಉತ್ತರಿಸಿದರೆ ಆ ಸಾಲನ್ನು ಖಾಲಿ ಬಿಡಿ.