ಡೆಟ್ರಾಯಿಟ್ ಬ್ಲೂಸ್: ಹೇಸ್ಟಿಂಗ್ಸ್ ಬೀದಿಯ ಹಾಡು

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಬಗ್ಗೆ ಓದಲು ಕೂತರೆ ಎಲ್ಲ ಕಡೆ ಶಿಕಾಗೋದೇ ಮಾತು. ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ಗೆ ಸಿಗುವುದು ಎರಡು ಸಾಲು. ಅಲ್ಲಿ ಹಾಡುವವರಿಗೇನೂ ಕೊರತೆ ಇರಲಿಲ್ಲ. ಶಿಕಾಗೋದಲ್ಲಿ ಚೆಸ್‌ನಂಥ ರೆಕಾರ್ಡ್ ಕಂಪನಿ ಇತ್ತು, ಇಲ್ಲಿ ಅಷ್ಟು ದೊಡ್ಡದು ಇರಲಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಅಷ್ಟೇ.

ಮೊದಲು ಜನ ಯಾಕೆ ಬಂದರು ನೋಡೋಣ. 1914ರಲ್ಲಿ ಇಲ್ಲಿನ ಫೋರ್ಡ್ ಕಾರು ಕಂಪನಿ ದಿನಕ್ಕೆ 5 ಡಾಲರ್ ಕೂಲಿ ಎಂದು ಸಾರಿತು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ ಮುಂದಿನ ವರ್ಷಗಳಲ್ಲಿ ಸಾವಿರಗಟ್ಟಲೆ ಬಂದರು. ಬಾಡಿಗೆ ಮನೆ ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಹೆಚ್ಚಿನವರು ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಎಂಬ ಕೇರಿಗಳಲ್ಲೇ ನೆಲೆಸಿದರು. ಅಲ್ಲಿನ ಮುಖ್ಯ ಬೀದಿ ಹೇಸ್ಟಿಂಗ್ಸ್.

ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ 1940ರ ದಶಕದಲ್ಲಿ ಇಲ್ಲಿಗೆ ಬಂದರು. ಹಗಲು ಕಾರು ಕಾರ್ಖಾನೆಯಲ್ಲಿ ಕಸ ಗುಡಿಸುವುದು, ರಾತ್ರಿ ಗಿಟಾರ್. 1948ರಲ್ಲಿ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ಅವರ 'ಬೂಗಿ ಚಿಲ್ಲೆನ್' ಹಾಡು ರೆಕಾರ್ಡ್ ಆಯಿತು. ಡ್ರಮ್ ಇಲ್ಲ, ಬೇಸ್ ಇಲ್ಲ. ಕಾಲ ಕೆಳಗೆ ಮರದ ಹಲಗೆ, ಅದರ ಸದ್ದಿಗೂ ಮೈಕ್. ಆ ಟಕ್ ಟಕ್ಕೇ ತಾಳ.

ಇಲ್ಲಿ ಸ್ವಲ್ಪ ನಿಲ್ಲಿ. ಬ್ಲೂಸ್ ಎಂದರೆ ಹನ್ನೆರಡು ಬಾರ್ (ತಾಳದ ಸುತ್ತು), ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಂದು ಕಲಿತಿರುತ್ತೇವೆ, ಅಲ್ವಾ? ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಹೂಕರ್ ಇದ್ಯಾವುದಕ್ಕೂ ಕಟ್ಟುಬೀಳುವುದಿಲ್ಲ. ಹಾಡಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಕಾರ್ಡ್. ಮಾತು ಎಲ್ಲಿ ಮುಗಿಯುತ್ತದೋ ಅಲ್ಲೇ ಬಾರ್ ಕೂಡ ಮುಗಿಯುತ್ತದೆ. ಬಾರ್ ಎಣಿಸುತ್ತಾ ಕೇಳಿದರೆ ತಲೆ ಕೆಡುತ್ತದೆ. ನಾನು ಎಣಿಸಿ ಎಣಿಸಿ ಸೋತೆ. ಸುಮ್ನೆ ಕಾಲಿನ ಸದ್ದು ಹಿಡಿದುಕೊಂಡು ಕೇಳಿ.

ಹಾಡಿನ ನಡುವೆ ಹೇಸ್ಟಿಂಗ್ಸ್ ಬೀದಿಯ ಹೆಸರೂ ಬರುತ್ತದೆ. ಆದರೆ ರೆಕಾರ್ಡ್ ಹೊರತಂದದ್ದು ಲಾಸ್ ಏಂಜಲೀಸ್‌ನ ಮಾಡರ್ನ್ ಕಂಪನಿ. 1949ರಲ್ಲಿ ಅದು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕರಾರು ತಪ್ಪಿಸಿಕೊಳ್ಳಲು ಹೂಕರ್ ಬೇರೆ ಕಂಪನಿಗಳಿಗೆ ಟೆಕ್ಸಸ್ ಸ್ಲಿಮ್, ಬರ್ಮಿಂಗ್‌ಹ್ಯಾಮ್ ಸ್ಯಾಮ್ ಅಂತೆಲ್ಲ ಹೆಸರು ಇಟ್ಟುಕೊಂಡು ಹಾಡಿದರು. ದನಿ ಮಾತ್ರ ಮುಚ್ಚಿಡಲಾಗಲಿಲ್ಲ!

ಊರಿನಲ್ಲೇ ರೆಕಾರ್ಡ್ ಮಾಡಿದವರಲ್ಲಿ ಜೋ ವಾನ್ ಬ್ಯಾಟಲ್ ಹೆಸರು ನೆನಪಿಟ್ಟುಕೊಳ್ಳಿ. ಹೇಸ್ಟಿಂಗ್ಸ್‌ನಲ್ಲಿ ಅವರದು ರೆಕಾರ್ಡ್ ಅಂಗಡಿ, ಹಿಂಭಾಗದಲ್ಲೇ ಸ್ಟುಡಿಯೋ. ಬ್ಲೂಸ್ ಜೊತೆಗೆ ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ ಅವರ ಉಪದೇಶಗಳನ್ನೂ, ಫ್ರಾಂಕ್ಲಿನ್ ಅವರ ಹದಿಹರೆಯದ ಮಗಳು, ಮುಂದೆ ಹೆಸರಾಂತ ಗಾಯಕಿಯಾದ ಅರೀಥಾಳ ಹಾಡನ್ನೂ ಹೊರತಂದರು.

ಮುಂದೆ ಕ್ರೈಸ್ಲರ್ ಫ್ರೀವೇ ಎಂಬ ಹೆದ್ದಾರಿಗಾಗಿ ಹೇಸ್ಟಿಂಗ್ಸ್ ಬೀದಿಯನ್ನೇ ಕೆಡವಿದರು. ವಾನ್ ಬ್ಯಾಟಲ್ ಅಂಗಡಿಯನ್ನು 12ನೇ ಬೀದಿಗೆ ಸಾಗಿಸಿದರು. 1967ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಗಲಭೆ ಶುರುವಾದದ್ದು ಅದೇ ಬೀದಿಯಲ್ಲಿ. ಅಂಗಡಿಗೂ ಬೆಂಕಿ ಬಿತ್ತು. ಅಲ್ಲಿದ್ದ ಟೇಪುಗಳಲ್ಲಿ ಸುಡದೆ ಉಳಿದವು ಬೆಂಕಿ ಆರಿಸಲು ಹಾಯಿಸಿದ ನೀರಿಗೆ ಹಾಳಾದವು.