ಫ್ಲ್ಯಾಗಿಂಗ್: ರೇಡಿಯೋ ದೂರದರ್ಶಕದ ಡೇಟಾ ಕೈಗೆ ಬಂದಾಗಿನ ಮೊದಲ ಕೆಲಸ

ಕೆಟ್ಟ ಡೇಟಾಗೆ ಗುರುತು ಹಾಕಿ ಲೆಕ್ಕದಿಂದ ಹೊರಗಿಡುವುದೇ ಫ್ಲ್ಯಾಗಿಂಗ್. ಏನನ್ನೂ ಅಳಿಸುವುದಿಲ್ಲ. ಅಳತೆ ಫೈಲ್‌ನಲ್ಲೇ ಇರುತ್ತದೆ, ಅದನ್ನು ಬಳಸಬೇಡ ಎಂಬ ಗುರುತು ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ಬೇಡವೆನಿಸಿದರೆ ಆ ಗುರುತನ್ನು ತೆಗೆಯಬಹುದು.

ಪುಣೆ ಹತ್ತಿರದ ಖೋಡದ್‌ನ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕವನ್ನೇ ನೋಡಿ. 45 ಮೀಟರ್ ಅಗಲದ 30 ಆಂಟೆನಾಗಳಿವೆ. ಎರಡೆರಡು ಸೇರಿ ಒಂದು ಬೇಸ್‌ಲೈನ್, ಒಟ್ಟು 435. ಒಂದೊಂದು ಬೇಸ್‌ಲೈನೂ ಕೆಲವು ಸೆಕೆಂಡಿಗೊಮ್ಮೆ ನೂರಾರು, ಸಾವಿರಾರು ಚಾನೆಲ್‌ಗಳಲ್ಲಿ, ಅಂದರೆ ಆವರ್ತನದ ಸಣ್ಣ ಸಣ್ಣ ಪಟ್ಟಿಗಳಲ್ಲಿ, ಅಳತೆ ಕೊಡುತ್ತಾ ಹೋಗುತ್ತದೆ. ಆಕಾಶದಿಂದ ಬರುವ ಅಲೆಗಳೋ ತೀರಾ ಕ್ಷೀಣ. ಅವುಗಳ ಮುಂದೆ ಮೊಬೈಲ್ ಟವರ್, ಉಪಗ್ರಹ, ಕರೆಂಟ್ ಲೈನಿನ ಕಿಡಿ ಎಲ್ಲವೂ ಭಾರೀ ಜೋರು. ಇವನ್ನು ಹಾಗೇ ಬಿಟ್ಟು ಚಿತ್ರ ಮಾಡಿದರೆ ಅಡ್ಡಾದಿಡ್ಡಿ ಪಟ್ಟೆಗಳೇ ಕಾಣುತ್ತವೆ.

ಹಾಗಾದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ಮೊದಲು ಪ್ಲಾಟ್ ಹಾಕಿ ನೋಡಬೇಕು. ಅಡ್ಡಕ್ಕೆ ಚಾನೆಲ್, ಉದ್ದಕ್ಕೆ ಸಮಯ ಇಟ್ಟರೆ, ಒಂದೇ ಚಾನೆಲ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಬಿಡದೆ ಹೊಳೆಯುವ ಗೆರೆ ಬಹುತೇಕ ಯಾವುದೋ ಟ್ರಾನ್ಸ್‌ಮಿಟರ್‌ನದು, ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣ ಹೊಳೆದು ಮಾಯವಾಗುವ ಅಡ್ಡಗೆರೆ ಕಿಡಿಯಂಥದ್ದು. ಇನ್ನು ಡಬ್ಲ್ಯೂ06 ಎಂಬ ಆಂಟೆನಾ ಇರುವ 29 ಬೇಸ್‌ಲೈನ್‌ಗಳೂ ಸಪ್ಪೆಯಾಗಿದ್ದು ಉಳಿದವು ಸರಿಯಾಗಿದ್ದರೆ, ತೊಂದರೆ ಆ ಆಂಟೆನಾದ್ದೇ. ಇಡೀ ಆಂಟೆನಾವನ್ನೇ ತೆಗೆದುಬಿಡಿ. ಆಂಟೆನಾಗಳು ಹೊಸ ದಿಕ್ಕಿಗೆ ತಿರುಗಿ ನೆಲೆಗೊಳ್ಳುವ ಮೊದಲ ಕೆಲವು ಸೆಕೆಂಡುಗಳನ್ನೂ ಬಿಡುವುದು ರೂಢಿ.

ಇದನ್ನೆಲ್ಲ ತಾನೇ ಮಾಡುವ ಸಾಧನಗಳಿವೆ. ಕಾಸಾ ಎಂಬ ರೇಡಿಯೋ ಡೇಟಾ ಸಾಫ್ಟ್‌ವೇರ್‌ನಲ್ಲಿ ಟಿಎಫ್‌ಕ್ರಾಪ್, ಆರ್‌ಫ್ಲ್ಯಾಗ್ ಇವೆ, ಅದರಿಂದಾಚೆ ಎಒಫ್ಲ್ಯಾಗರ್ ಇದೆ. ಇಷ್ಟು ಡೇಟಾವನ್ನು ಕೈಯಲ್ಲೇ ಶುಚಿ ಮಾಡಲು ಆಗಲ್ಲ, ಬಳಸಲೇಬೇಕು. ಆದರೆ ಕಣ್ಣು ಮುಚ್ಚಿ ನಂಬಬಾರದು, ಏಕೆಂದರೆ ಸುತ್ತಲಿನದಕ್ಕಿಂತ ಎದ್ದು ಕಾಣುವುದನ್ನೆಲ್ಲ ಅವು ಅನುಮಾನಿಸುತ್ತವೆ, ನೀವು ಹುಡುಕುತ್ತಿರುವುದು ಒಂದೇ ಆವರ್ತನದ ಸುತ್ತ ಕಾಣುವ ಕಿರಿದಾದ ಒಂದು ರೋಹಿತ ರೇಖೆಯೋ ಕ್ಷಣಮಾತ್ರ ಮಿಂಚುವ ಆಕಾಶಕಾಯವೋ ಆಗಿದ್ದರೆ ಅದೂ ಕಸದ ಜೊತೆ ಹೋಗಬಹುದು. ಅನುಮಾನ ಬಂದರೆ ಕ್ಯಾಲಿಬ್ರೇಟರ್ ನೋಡಿ. 3ಸಿ 286ರಂಥ, ಎಷ್ಟು ಪ್ರಕಾಶವಿದೆ ಎಂದು ಮೊದಲೇ ಗೊತ್ತಿರುವ ಮೂಲ ಅದು. ದೂರದ ಗೆಲಾಕ್ಸಿಯ ರೇಖೆ ಗೆಲಾಕ್ಸಿಯ ಕಡೆ ನೋಡಿದಾಗ ಮಾತ್ರ ಸಿಗಬೇಕು ಅಲ್ವಾ? ಅದೇ ಚಾನೆಲ್‌ನಲ್ಲಿ ಅದೇ ಗೆರೆ ಕ್ಯಾಲಿಬ್ರೇಟರ್ ಕಡೆಯೂ ಎದ್ದಿದ್ದರೆ ಅದು ನೆಲದ್ದೋ ಉಪಗ್ರಹದ್ದೋ ಇರುವ ಸಾಧ್ಯತೆಯೇ ಜಾಸ್ತಿ.

ಫ್ಲ್ಯಾಗಿಂಗ್‌ನ ಒಂದೊಂದು ಸುತ್ತಿಗೂ ಮುಂಚೆ ಫ್ಲ್ಯಾಗ್‌ಗಳನ್ನು ಹೆಸರು ಕೊಟ್ಟು ಉಳಿಸಿಕೊಳ್ಳಿ. ಸುತ್ತು ಮುಗಿದ ಮೇಲೆ ಶೇಕಡಾ ಎಷ್ಟು ಹೋಯಿತು ಅಂತ ಆಂಟೆನಾವಾರು ನೋಡಿ. ಕ್ಯಾಲಿಬ್ರೇಶನ್, ಅಂದರೆ ಕ್ಯಾಲಿಬ್ರೇಟರ್ ಆಧಾರದಲ್ಲಿ ಆಂಟೆನಾಗಳ ಮಟ್ಟ ಸರಿಹೊಂದಿಸುವುದು, ಆದ ಮೇಲೆ ಇನ್ನೊಂದು ಸುತ್ತು ಬೇಕೇ ಬೇಕು. ಅದಕ್ಕೂ ಮುಂಚೆ ಒಂದೊಂದು ಆಂಟೆನಾದ ಮಟ್ಟವೂ ಬೇರೆ ಬೇರೆ ಇರುವುದರಿಂದ ಸಣ್ಣ ದೋಷಗಳು ಅದರಲ್ಲೇ ಅಡಗಿರುತ್ತವೆ. ಆರ್‌ಫ್ಲ್ಯಾಗ್ ಸರಿಯಾಗಿ ಕೆಲಸ ಮಾಡುವುದೂ ಕ್ಯಾಲಿಬ್ರೇಶನ್ ಆದ ಮೇಲೆಯೇ.