ಪವನಿನ ಮೇಲೆ ‘ಯು’ ಬದಲು ‘ವಿ’ ಬಿದ್ದಿದೆ, ಬೆಲೆ ಎಷ್ಟು?

ಪ್ರಶ್ನೆ: ಅಜ್ಜಿಯ ಕಾಸಿನ ಸರದಲ್ಲಿ 1918ರ ಒಂದು ಪವನ್, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ, ಇದೆ. ಜಾರ್ಜ್ ದೊರೆಯ ಹೆಸರಲ್ಲಿ ‘ಯು’ ಇರಬೇಕಾದ ಕಡೆ ‘ವಿ’ ಅಚ್ಚಾಗಿದೆ, ‘ಬ್ರಿಟ್’ ಎಂಬಲ್ಲಿ ‘ಟಿ’ ಎರಡು ಸಲ ಬಂದಿದೆ. ಇಂಥ ಮಿಸ್‌ಪ್ರಿಂಟ್ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ, ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪವನಿನ ಮೇಲಿರುವ ಭಾಷೆ ಇಂಗ್ಲಿಷ್ ಅಲ್ಲ, ಹಳೆಯ ರೋಮನ್ನರ ಲ್ಯಾಟಿನ್. ಗೊಂದಲದ ಮೂಲವೇ ಇದು. ಅದೇ ಜಾರ್ಜನ ಬೆಳ್ಳಿ ರೂಪಾಯಿಯನ್ನು ಎಲ್ಲರೂ ನೋಡಿದ್ದಾರೆ. ಅದರಲ್ಲಿ ‘ಜಾರ್ಜ್ ಕಿಂಗ್ ಎಂಪರರ್’ ಎಂದು ಸಲೀಸಾದ ಇಂಗ್ಲಿಷಿದೆ. ಆ ಕಣ್ಣಿನಿಂದ ಪವನನ್ನು ಓದಿದರೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ಜಾರ್ಜನ ಹೆಸರು ಗೆಯೋರ್ಗಿಯುಸ್. ರೋಮನ್ನರ ಲಿಪಿಯಲ್ಲಿ ‘ಯು’ ಎಂಬ ಪ್ರತ್ಯೇಕ ಅಕ್ಷರವೇ ಇರಲಿಲ್ಲ, ‘ಉ’, ‘ವ’ ಎರಡೂ ಉಚ್ಚಾರಕ್ಕೆ ‘ವಿ’ ಒಂದೇ. ರೋಮಿನಲ್ಲಿ ಕ್ರಿ.ಶ. 113ರ ಟ್ರಾಜನ್ ಸ್ತಂಭವಿದೆ. ಅದರ ಬುಡದ ಶಾಸನ ‘ಸೆನಾತುಸ್ ಪೊಪುಲುಸ್‌ಕ್ವೆ ರೋಮಾನುಸ್’ ಎಂದು ಶುರುವಾಗುತ್ತದೆ. ಆ ಮೂರು ಪದಗಳಲ್ಲೇ ಐದು ‘ವಿ’ಗಳಿವೆ. ಕಲ್ಕುಟಿಗ ಐದು ಸಲ ಕೈತಪ್ಪಿದನೇ? ನಮ್ಮ ಹಳೆಯ ಶಾಸನಗಳನ್ನೇ ನೋಡಿ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ. ಅದನ್ನು ಕಾಗುಣಿತದ ತಪ್ಪು ಅಂತ ಯಾರೂ ಹೇಳುವುದಿಲ್ಲ, ಆ ಕಾಲದ ಬರಹದ ಕ್ರಮ ಅಂತೇವೆ. ಬ್ರಿಟಿಷ್ ಟಂಕಸಾಲೆಯವರು ನಾಣ್ಯಕ್ಕೆ ರೋಮಿನ ಗಾಂಭೀರ್ಯ ಬೇಕೆಂದು ಆ ಹಳೆಯ ಕ್ರಮವನ್ನು ಬೇಕೆಂದೇ ಉಳಿಸಿಕೊಂಡರು. ಭೂತಗನ್ನಡಿ ಹಿಡಿದು ನೋಡಿ: ಹೆಸರಿನೊಳಗೆ ಒಂದು ‘ವಿ’, ಹೆಸರು ಮುಗಿದ ಮೇಲೆ ಇನ್ನೊಂದು. ಮೊದಲನೆಯದು ಅಕ್ಷರ, ಎರಡನೆಯದು ಅಂಕಿ, ಐದನೇ ಜಾರ್ಜ್ ಎಂದು.

ಎರಡು ‘ಟಿ’ಯದು ಇನ್ನೂ ಸೊಗಸು. ಲ್ಯಾಟಿನ್ ಸಂಕ್ಷೇಪದಲ್ಲಿ ಕೊನೆಯ ಅಕ್ಷರ ಇಮ್ಮಡಿಸಿದರೆ ಬಹುವಚನ. ರೋಮಿನ ನಾಣ್ಯಗಳಲ್ಲಿ ‘ಆಗುಸ್ತುಸ್’ ಬಿರುದಿನ ಸಂಕ್ಷೇಪ ‘ಎ-ವಿ-ಜಿ’. ಆ ಬಿರುದಿನ ದೊರೆ ಒಬ್ಬನಿದ್ದರೆ ಒಂದು ‘ಜಿ’, ಇಬ್ಬರು ಜೊತೆಯಾಗಿ ಆಳುತ್ತಿದ್ದರೆ ಎರಡು, ಮೂವರಾದರೆ ಮೂರು. ಹಾಗೆಯೇ ಇಲ್ಲಿ ಎರಡು ‘ಟಿ’ ಎಂದರೆ ಒಂದು ಬ್ರಿಟನ್ ಅಲ್ಲ, ಸಮುದ್ರದಾಚೆಯವೂ ಸೇರಿ ಹಲವು. ಮುಂದಿನ ‘ಓಮ್ನ್’ ಎಂದರೆ ‘ಎಲ್ಲ’. ಉಳಿದದ್ದನ್ನು ಬಿಡಿಸಿದರೆ: ದೇವರ ಕೃಪೆಯಿಂದ ಎಲ್ಲ ಬ್ರಿಟನ್‌ಗಳ ರಾಜ, ಧರ್ಮರಕ್ಷಕ, ಭಾರತದ ಚಕ್ರವರ್ತಿ. ಈ ‘ಧರ್ಮರಕ್ಷಕ’ ಬಿರುದನ್ನು 1521ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಕೊಟ್ಟವರು ಪೋಪ್. ಆಮೇಲೆ ಆ ಹೆನ್ರಿಯೇ ಪೋಪ್ ಜೊತೆ ಕಡಿದುಕೊಂಡ. ಬಿರುದು ಮಾತ್ರ ಇವತ್ತಿಗೂ ಬ್ರಿಟಿಷ್ ನಾಣ್ಯದ ಮೇಲಿದೆ.

ಇಷ್ಟಾದರೂ ನಂಬದವರಿಗೆ ಒಂದು ಸಾಕ್ಷಿ. 1918ರಲ್ಲಿ ಮುಂಬಯಿ ಟಂಕಸಾಲೆ ಎರಡು ಚಿನ್ನದ ನಾಣ್ಯ ಹೊಡೆಯಿತು. ಒಂದು 15 ರೂಪಾಯಿಯದು, ಇನ್ನೊಂದು ಪವನ್. ತೂಕ ಎರಡಕ್ಕೂ ಒಂದೇ, 7.98 ಗ್ರಾಂ, 22 ಕ್ಯಾರೆಟ್. 15 ರೂಪಾಯಿಯ ಮೇಲೆ ಜಾರ್ಜನ ಹೆಸರು ಇಂಗ್ಲಿಷಿನಲ್ಲಿ, ಪವನಿನ ಮೇಲೆ ಲ್ಯಾಟಿನ್ನಿನಲ್ಲಿ. ಪವನಿನ ಹಿಂಬದಿಯ ಚಿತ್ರದಲ್ಲಿ ಕುದುರೆಯ ಕಾಲ ಕೆಳಗಿನ ನೆಲದ ಗೆರೆಯ ಮೇಲೆ ಪುಟ್ಟ ‘ಐ’ ಅಕ್ಷರವಿದ್ದರೆ ನಿಮ್ಮದು ಮುಂಬಯಿಯದ್ದೇ. ಅಂಥವು ಸುಮಾರು 13 ಲಕ್ಷ ಹೊರಬಂದಿವೆ, ಎಲ್ಲದರಲ್ಲೂ ಅದೇ ‘ವಿ’, ಅದೇ ಎರಡು ‘ಟಿ’. ನಿಜಕ್ಕೂ ಅಕ್ಷರ ಅಡ್ಡಾದಿಡ್ಡಿಯಾಗಿದ್ದರೆ ಅನುಮಾನಪಡಬೇಕು, ಸರಕ್ಕೆಂದು ಅಕ್ಕಸಾಲಿಗರು ಊರಿನ ಅಚ್ಚಿನಲ್ಲಿ ಹೊಡೆದ ಕಾಸುಗಳೂ ಬೇಕಾದಷ್ಟಿವೆ.

ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಳೆಯ ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಲ್ಯಾಟಿನ್ ಮಾತು ಬಂದದ್ದರಿಂದ ನನಗೆ ಎಲ್ಲಕ್ಕಿಂತ ಇಷ್ಟವಾದ ನಾಣ್ಯದ ಬರಹವನ್ನೂ ಹೇಳಿಬಿಡುತ್ತೇನೆ. ‘ದೆಕುಸ್ ಎತ್ ತೂತಾಮೆನ್’: ಅಲಂಕಾರವೂ ಹೌದು, ರಕ್ಷಣೆಯೂ ಹೌದು. ರೋಮಿನ ವರ್ಜಿಲ್ ಕವಿ ಇದನ್ನು ಹೇಳಿದ್ದು ಒಂದು ಕವಚದ ಬಗ್ಗೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನ ಕಾಲದಲ್ಲಿ, 1662ರಿಂದ, ಇದು ಕ್ರೌನ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಅಂಚಿಗೆ ಬಂತು. ಆವರೆಗೆ ಜನ ನಾಣ್ಯದ ಅಂಚನ್ನು ಚೂರುಚೂರೇ ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಅಂಚಿನಲ್ಲೇ ಅಕ್ಷರ ಕೂತ ಮೇಲೆ ಕತ್ತರಿ ಹಾಕಿದರೆ ಅಕ್ಷರ ಹೋಗಿ ಕಳ್ಳತನ ಕಾಣುತ್ತಿತ್ತು. ಕವಚದ ಮಾತು ನಾಣ್ಯಕ್ಕೂ ಕವಚವೇ ಆಯಿತು! 1983ರಲ್ಲಿ ಬಂದ ಒಂದು ಪೌಂಡ್ ನಾಣ್ಯದ ಅಂಚಿನಲ್ಲೂ ಅದೇ ಮೂರು ಪದಗಳಿದ್ದವು.

ಪವನಿನ ಅಂಚಿನಲ್ಲಿ ಅಕ್ಷರವಿಲ್ಲ, ಒತ್ತೊತ್ತಾದ ಗೀರುಗಳಿವೆ, ಕೆಲಸ ಮಾತ್ರ ಅದೇ. ಸರಕ್ಕೆ ಕೊಂಡಿ ಬೆಸೆದ ಜಾಗದಲ್ಲಿ ಆ ಗೀರು ಅಳಿಸಿಹೋಗಿರುತ್ತದೆ, ಸಂಗ್ರಾಹಕರು ಬೆಲೆ ತಗ್ಗಿಸುವುದು ಅಲ್ಲಿ. ಇನ್ನು ಮುಂದೆ ಫೋಟೊ ಕಳಿಸುವವರು ಅಂಚಿನದ್ದೂ ಒಂದು ಕಳಿಸಿ.